ಕರಪತ್ರ ಬಿಟ್ಟು ಕಥೆ ಹಿಡಿದದ್ದೇಕೆ? ವಿಕ್ಟೋರಿಯನ್ ಕಾದಂಬರಿಯೂ ಬಡತನವೂ

ಮಸಿಕುಡಿಕೆ
1843ರ ಮಾರ್ಚ್ ತಿಂಗಳು. ದುಡಿಯುವ ಮಕ್ಕಳ ಸ್ಥಿತಿಗತಿ ಕುರಿತು ಬ್ರಿಟಿಷ್ ಸರ್ಕಾರ ನೇಮಿಸಿದ್ದ ಆಯೋಗದ ಎರಡನೇ ವರದಿ ಚಾರ್ಲ್ಸ್ ಡಿಕನ್ಸ್ ಕೈ ಸೇರಿತು. ಕಳಿಸಿದವರು ಆಯೋಗದಲ್ಲೇ ಇದ್ದ ಡಾ. ಸೌತ್‌ವುಡ್ ಸ್ಮಿತ್. ಓದಿ ಕಂಗೆಟ್ಟ ಡಿಕನ್ಸ್, ಬಡವರ ಮಕ್ಕಳ ಪರವಾಗಿ ಇಂಗ್ಲೆಂಡಿನ ಜನರಿಗೆ ಮನವಿ ಮಾಡುವ ಅಗ್ಗದ ಕರಪತ್ರವೊಂದನ್ನು ಬರೆಯುತ್ತೇನೆ ಅಂತ ಮೊದಲು ತಿಳಿಸಿದರು. ಕೆಲವೇ ದಿನಗಳಲ್ಲಿ ಮನಸ್ಸು ಬದಲಾಯಿತು. ವರ್ಷದ ಕೊನೆಯವರೆಗೆ ತಡೆಯಿರಿ, ಕರಪತ್ರಕ್ಕಿಂತ ಇಪ್ಪತ್ತು ಸಾವಿರ ಪಟ್ಟು ಬಲವಾದ ಸುತ್ತಿಗೆ ಏಟು ಬೀಳುತ್ತದೆ ಎಂಬರ್ಥದ ಕಾಗದ ಬರೆದರು. ಆ ಏಟೇ ಡಿಸೆಂಬರ್ 19ಕ್ಕೆ ಬಂದ 'ಎ ಕ್ರಿಸ್ಮಸ್ ಕ್ಯಾರಲ್' ಕಥೆ. ಮೊದಲ 6,000 ಪ್ರತಿಗಳು ಕ್ರಿಸ್ಮಸ್ ಮುನ್ನಾದಿನದೊಳಗೆ ಮುಗಿದವು.

ನನ್ನ ಪ್ರಶ್ನೆ ಇಷ್ಟೇ. ಕರಪತ್ರದ ಕೈಲಾಗದ ಯಾವ ಕೆಲಸವನ್ನು ಕಥೆ ಮಾಡಿತು? 'ಡಿಕನ್ಸ್‌ಗೆ ಬಡವರ ಮೇಲೆ ಕರುಣೆ ಇತ್ತು' ಎಂಬ ಉತ್ತರ ನಮ್ಮ ಪರೀಕ್ಷೆಯ ಗೈಡುಗಳಲ್ಲೆಲ್ಲ ಇದೆ. ಕರುಣೆ ಆಯೋಗದ ಸದಸ್ಯರಿಗೂ ಇತ್ತು. ಯಾವ ಅಧ್ಯಾಯ, ಯಾವ ತಂತ್ರ, ಎಲ್ಲಿ ಗೆದ್ದಿತು, ಎಲ್ಲಿ ಸೋತಿತು ಅಂತ ಹೇಳಿದರೆ ಓದುವವರಿಗೆ ಉಪಯೋಗ.

ಕಡತ
ಕಾನೂನಿನಿಂದ ಶುರು ಮಾಡೋಣ, ಅದಿಲ್ಲದೆ ಡಿಕನ್ಸರ 'ಓಲಿವರ್ ಟ್ವಿಸ್ಟ್' ಕಾದಂಬರಿ ಅರ್ಧ ಮಾತ್ರ ಕಾಣುತ್ತದೆ. 1834ರ ಬಡವರ ಕಾನೂನು ತಿದ್ದುಪಡಿಯ ಮೂಲತತ್ವ ಹೀಗಿತ್ತು: ನೆರವು ಪಡೆಯುವವನ ಬದುಕು, ಹೊರಗೆ ದುಡಿದು ತಿನ್ನುವ ಅತಿ ಬಡ ಕೂಲಿಯ ಬದುಕಿಗಿಂತ ಹೀನವಾಗಿಯೇ ಇರಬೇಕು. ಆಗ ನಿಜಕ್ಕೂ ಗತಿಯಿಲ್ಲದವರು ಮಾತ್ರ ಬರುತ್ತಾರೆ ಎಂಬ ಲೆಕ್ಕ. ಮೈಕೈ ಗಟ್ಟಿ ಇದ್ದವರಿಗೆ ಮನೆ ಬಾಗಿಲಿಗೆ ನೆರವು ನಿಲ್ಲಿಸಿ, ಗತಿಯಿಲ್ಲದವರನ್ನು ಇರಿಸಿ ದುಡಿಸಿ ಊಟ ಹಾಕುವ ವರ್ಕ್‌ಹೌಸ್ ಒಳಗೆ ಬರುವಂತೆ ಮಾಡುವುದು ಉದ್ದೇಶ. ಒಳಗೆ ಗಂಡ, ಹೆಂಡತಿ, ಮಕ್ಕಳು ಬೇರೆ ಬೇರೆ.

'ಓಲಿವರ್ ಟ್ವಿಸ್ಟ್' ಕಂತು ಶುರುವಾದದ್ದು 1837ರ ಫೆಬ್ರವರಿಯಲ್ಲಿ. ಕಾನೂನು ಬಂದು ಮೂರು ವರ್ಷ ಕೂಡ ಆಗಿರಲಿಲ್ಲ. ಎರಡನೇ ಅಧ್ಯಾಯದಲ್ಲಿ ನಿರೂಪಕ ಆಡಳಿತ ಮಂಡಳಿಯನ್ನು ಬೈಯುವುದೇ ಇಲ್ಲ. 'ಬಹಳ ವಿವೇಕಿಗಳು, ತತ್ವಜ್ಞಾನಿಗಳು' ಅಂತ ಹೊಗಳುತ್ತಾನೆ. ಅವರ ತರ್ಕವನ್ನೇ ಅವರ ದನಿಯಲ್ಲೇ ಕೊನೆಯವರೆಗೂ ಒಯ್ಯುತ್ತಾನೆ: ಒಳಗೆ ಬಂದು ನಿಧಾನವಾಗಿ ಹಸಿದು ಸಾಯುವುದೋ, ಹೊರಗಿದ್ದು ಬೇಗ ಸಾಯುವುದೋ, ಆಯ್ಕೆ ಬಡವನದು. ಊಟದ ಪಟ್ಟಿಯೂ ಅದೇ ಗಂಭೀರ ದನಿಯಲ್ಲಿ ಬರುತ್ತದೆ. ದಿನಕ್ಕೆ ಮೂರು ಹೊತ್ತು ನೀರು ಗಂಜಿ, ವಾರಕ್ಕೆರಡು ಸಲ ಒಂದು ಈರುಳ್ಳಿ, ಭಾನುವಾರ ಅರ್ಧ ಬನ್ನು.

ಸಿನಿಮಾ ನೋಡಿದವರಿಗೆ ತಪ್ಪಿಹೋಗುವ ಒಂದು ವಿವರವನ್ನು ಹೇಳಲೇಬೇಕು. ಓಲಿವರ್ ಧೈರ್ಯ ಮಾಡಿ ತಾನೇ ಎದ್ದು 'ಇನ್ನಷ್ಟು ಬೇಕು' ಅನ್ನುವುದಿಲ್ಲ. ಮೂರು ತಿಂಗಳು ಅರೆಹೊಟ್ಟೆಯಲ್ಲಿ ಕಳೆದ ಹುಡುಗರಲ್ಲಿ ಒಬ್ಬ, ಅಡುಗೆ ಅಂಗಡಿಯವನ ಮಗ, ಇನ್ನೊಂದು ಬಟ್ಟಲು ಸಿಗದಿದ್ದರೆ ಪಕ್ಕದಲ್ಲಿ ಮಲಗುವ ಹುಡುಗನನ್ನೇ ರಾತ್ರಿ ತಿಂದುಬಿಟ್ಟೇನು ಅನ್ನುತ್ತಾನೆ. ಹುಡುಗರೆಲ್ಲ ಸಭೆ ಸೇರಿ ಚೀಟಿ ಎತ್ತುತ್ತಾರೆ, ಚೀಟಿ ಓಲಿವರ್‌ಗೆ ಬೀಳುತ್ತದೆ. ಅಂದರೆ ಕೇಳಿದ್ದು ಇಡೀ ಪಂಕ್ತಿ, ಶಿಕ್ಷೆಯಾದದ್ದು ಒಬ್ಬನಿಗೆ. ಚೀಟಿಯನ್ನು ಕೈಬಿಟ್ಟರೆ ಅನ್ಯಾಯದ ಕಥೆ ಹೋಗಿ ಮುದ್ದು ಮಗುವಿನ ಕಥೆ ಉಳಿಯುತ್ತದೆ.

ಹೊಸಓದುಗ
ವರ್ಕ್‌ಹೌಸ್ ಊಟ ನಿಜವಾಗಿಯೂ ಅಷ್ಟು ಕೆಟ್ಟದಾಗಿತ್ತೇ? ಅಥವಾ ಡಿಕನ್ಸ್ ಹೆಚ್ಚು ಮಾಡಿ ಬರೆದರೇ?

ಕಡತ
ಹೆಚ್ಚು ಮಾಡಿದ್ದಾರೆ. ಬಡವರ ಕಾನೂನು ಆಯುಕ್ತರು ಹೊರಡಿಸಿದ ಮಾದರಿ ಊಟದ ಪಟ್ಟಿಗಳಲ್ಲಿ ಬ್ರೆಡ್ಡು, ಆಲೂಗಡ್ಡೆ, ಚೀಸು, ವಾರದ ಕೆಲವು ದಿನ ಮಾಂಸ ಇದ್ದವು. ಕಾದಂಬರಿಯನ್ನು ವರದಿ ಅಂತ ಓದಿದರೆ ಇಲ್ಲೇ ಎಡವುತ್ತೇವೆ. ಆದರೆ ಪಟ್ಟಿಯಲ್ಲಿದ್ದದ್ದು ತಟ್ಟೆಗೆ ಬಂತೇ ಅನ್ನುವುದು ಬೇರೆ ಪ್ರಶ್ನೆ. 1845ರಲ್ಲಿ ಹ್ಯಾಂಪ್‌ಶೈರಿನ ಆಂಡೋವರ್ ವರ್ಕ್‌ಹೌಸ್ ಹಗರಣ ಬಯಲಾಯಿತು. ಗೊಬ್ಬರಕ್ಕಾಗಿ ಮೂಳೆ ಕುಟ್ಟುವ ಕೆಲಸಕ್ಕೆ ಹಚ್ಚಿದ್ದ ಜನ ಹಸಿವು ತಾಳಲಾರದೆ ಆ ಕೊಳೆತ ಮೂಳೆಗಳಿಗೆ ಅಂಟಿದ್ದ ಮಾಂಸವನ್ನೂ ಒಳಗಿನ ಮಜ್ಜೆಯನ್ನೂ ತಿನ್ನುತ್ತಿದ್ದರು. 1847ರಲ್ಲಿ ಬಡವರ ಕಾನೂನು ಆಯೋಗವನ್ನೇ ರದ್ದು ಮಾಡಿ ಸಂಸತ್ತಿಗೆ ಉತ್ತರ ಹೇಳಬೇಕಾದ ಮಂಡಳಿಯನ್ನು ತಂದರು. ಅದಕ್ಕೆ ಪತ್ರಿಕೆಗಳು ಮತ್ತು ಸಂಸದೀಯ ಸಮಿತಿಯ ವಿಚಾರಣೆ ಕಾರಣ, ಕಾದಂಬರಿ ಅಲ್ಲ. ಹತ್ತು ವರ್ಷದ ಹಿಂದೆಯೇ ಓದುಗರ ತಲೆಯಲ್ಲಿ ಒಂದು ಗಂಜಿ ಬಟ್ಟಲು ಕೂತಿತ್ತು ಎಂಬುದನ್ನು ಮಾತ್ರ ಮರೆಯಬಾರದು.

ಕಂತುಓದುಗ
ಯಾರು ಓದಿದರು ಅನ್ನುವುದನ್ನು ದುಡ್ಡಿನ ಲೆಕ್ಕದಲ್ಲಿ ನೋಡಬೇಕು. ಆಗಿನ ಒಂದು ಪೌಂಡಿಗೆ 20 ಶಿಲ್ಲಿಂಗ್, ಒಂದು ಶಿಲ್ಲಿಂಗಿಗೆ 12 ಪೆನ್ಸ್. ಮೂರು ಸಂಪುಟದ ಕಾದಂಬರಿಯ ರೂಢಿಯ ಬೆಲೆ 31 ಶಿಲ್ಲಿಂಗ್ 6 ಪೆನ್ಸ್. 'ಕ್ಯಾರಲ್' ಕಥೆಯ ಗುಮಾಸ್ತ ಬಾಬ್ ಕ್ರಾಚಿಟ್‌ನ ವಾರದ ಸಂಬಳ 15 ಶಿಲ್ಲಿಂಗ್. ಅಂದರೆ ಎರಡು ವಾರ ಉಪವಾಸವಿದ್ದರೂ ಅವನಿಗೆ ಒಂದು ಕಾದಂಬರಿ ದಕ್ಕುವುದಿಲ್ಲ. ಅವನದೇ ಕಥೆ ಇರುವ ಪುಸ್ತಕಕ್ಕೆ 5 ಶಿಲ್ಲಿಂಗ್, ವಾರದ ದುಡಿಮೆಯ ಮೂರನೇ ಒಂದು ಪಾಲು!

ಈ ಗೋಡೆ ಒಡೆದದ್ದು ಕಂತು. ಡಿಕನ್ಸರ ಮಾಸಿಕ ಕಂತೆಂದರೆ 32 ಪುಟ, ಎರಡು ಚಿತ್ರ, ಒಂದು ಶಿಲ್ಲಿಂಗ್. ಅವರೇ ನಡೆಸುತ್ತಿದ್ದ ವಾರಪತ್ರಿಕೆ 'ಹೌಸ್‌ಹೋಲ್ಡ್ ವರ್ಡ್ಸ್' ಎರಡೇ ಪೆನ್ಸ್. 'ಹಾರ್ಡ್ ಟೈಮ್ಸ್' 1854ರ ಏಪ್ರಿಲ್ 1ರಿಂದ ಆಗಸ್ಟ್ 12ರವರೆಗೆ ಅಲ್ಲೇ ಬಂತು. ಅದರ ಬೆನ್ನಿಗೇ ಎಲಿಜಬೆತ್ ಗ್ಯಾಸ್ಕೆಲ್‌ರ 'ನಾರ್ತ್ ಅಂಡ್ ಸೌತ್'.

ಕಂತಿನಿಂದ ಬರಹದ ಸ್ವರೂಪವೇ ಬದಲಾಯಿತು. 1852–53ರ 'ಬ್ಲೀಕ್ ಹೌಸ್' ನೋಡಿ. ರಸ್ತೆ ದಾಟುವ ಕಡೆ ಕೆಸರು ಗುಡಿಸಿ ಕಾಸು ಪಡೆಯುವ ಅನಾಥ ಜೋ 47ನೇ ಅಧ್ಯಾಯದಲ್ಲಿ ಸಾಯುತ್ತಾನೆ. ವೈದ್ಯ ಹೇಳಿಕೊಡುವ ಪ್ರಾರ್ಥನೆ ಅವನ ಬಾಯಲ್ಲಿ ಅರ್ಧಕ್ಕೇ ನಿಲ್ಲುತ್ತದೆ. ಒಡನೆಯೇ ನಿರೂಪಕ ಕಥೆಯಿಂದ ಆಚೆ ತಿರುಗಿ ರಾಣಿಯನ್ನು, ಪ್ರಭುಗಳನ್ನು, ಧರ್ಮಗುರುಗಳನ್ನು, ಗಂಡಸರು ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಕರೆದು 'ಸತ್ತ' ಅನ್ನುತ್ತಾನೆ. ನಮ್ಮ ಸುತ್ತ ದಿನಾ ಹೀಗೇ ಸಾಯುತ್ತಿದ್ದಾರೆ ಅನ್ನುತ್ತಾನೆ. ಆ ನಿರೂಪಕ ಕಾದಂಬರಿಯುದ್ದಕ್ಕೂ ವರ್ತಮಾನ ಕಾಲದಲ್ಲೇ ಮಾತಾಡುವವನು. ಕಂತು ಕೈಯಲ್ಲಿ ಹಿಡಿದವರಿಗೆ ಆ 'ದಿನಾ' ಅಂದರೆ ಅದೇ ತಿಂಗಳು, ಅದೇ ಲಂಡನ್. ದಪ್ಪ ಪುಸ್ತಕವಾಗಿ ಓದುವ ನಾವು ಆ ಕ್ರಿಯಾಪದಗಳನ್ನು ಗಮನಿಸದೆ ದಾಟಿಬಿಡುತ್ತೇವೆ.

ಮಸಿಕುಡಿಕೆ
'ಬ್ಲೀಕ್ ಹೌಸ್'ನಲ್ಲಿ ಕಥಾಹಂದರವೇ ವಾದ. ಟಾಮ್-ಆಲ್-ಅಲೋನ್ಸ್ ಎಂಬ ಕೊಳೆಗೇರಿ ಬೀಳುವ ಸ್ಥಿತಿಯಲ್ಲಿರುವುದು ಅದು ಆಸ್ತಿ, ಉಯಿಲುಗಳ ಮೊಕದ್ದಮೆ ನೋಡುತ್ತಿದ್ದ ಚಾನ್ಸರಿ ನ್ಯಾಯಾಲಯದ ಮುಗಿಯದ ವ್ಯಾಜ್ಯದಲ್ಲಿ ಸಿಕ್ಕಿಕೊಂಡಿರುವುದರಿಂದ. ಅಲ್ಲಿನ ಜೋಗೆ ಜ್ವರ. ಅವನಿಂದ ಚಾರ್ಲಿ ಎಂಬ ಕೆಲಸದ ಹುಡುಗಿಗೆ, ಅವಳಿಂದ ಯಜಮಾನಿ ಎಸ್ತರ್‌ಗೆ. ಎಸ್ತರ್ ಮುಖದ ಮೇಲೆ ಕಲೆ ಉಳಿಯುತ್ತದೆ. ನ್ಯಾಯಾಲಯದ ವಿಳಂಬಕ್ಕೂ ಒಳ್ಳೆಯ ಮನೆಯ ಹೆಣ್ಣುಮಗಳ ಮುಖಕ್ಕೂ ಏನು ಸಂಬಂಧ ಅಂತ ಕರಪತ್ರದಲ್ಲಿ ಬರೆದರೆ ಯಾರೂ ನಂಬರು. ಕಾದಂಬರಿಯಲ್ಲಿ ಸೋಂಕು ಮೆಟ್ಟಿಲು ಮೆಟ್ಟಿಲಾಗಿ ಹತ್ತುವುದನ್ನು ಓದುಗ ಕಣ್ಣಾರೆ ಕಾಣುತ್ತಾನೆ.

ಚಾರ್ಲ್ಸ್ ಕಿಂಗ್ಸ್‌ಲಿಯ 'ಆಲ್ಟನ್ ಲಾಕ್' (1850) ಇದನ್ನೇ ಒಂದು ಕೋಟಿನ ಮೂಲಕ ಮಾಡಿತ್ತು. ತುಂಡುಗೂಲಿ ದರ್ಜಿಯ ಕೋಣೆಯಲ್ಲಿ ಜ್ವರದಿಂದ ಸತ್ತವರ ಮೈಮೇಲೆ ಹೊದಿಸಿದ್ದ ಕೋಟು ಶ್ರೀಮಂತ ದಾಯಾದಿಯ ಮೈಮೇಲೆ ಏರುತ್ತದೆ, ಅವನೂ ಸಾಯುತ್ತಾನೆ. ಅದೇ ವರ್ಷ ಕಿಂಗ್ಸ್‌ಲಿ ಅಗ್ಗದ ಬಟ್ಟೆಯ ಉದ್ಯಮದ ಬಗ್ಗೆ ಕರಪತ್ರವನ್ನೂ ಬರೆದಿದ್ದರು. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಈ ಚರ್ಚೆಯ ಮೂಲ ಪ್ರಶ್ನೆಗೆ ಬೇಕಾದ ಸಾಮಗ್ರಿ ಅಲ್ಲೇ ಇದೆ.

ಹತ್ತಿಎಳೆ
ಡಿಕನ್ಸ್ ಜೋರು ದನಿಯವರು. ಗ್ಯಾಸ್ಕೆಲ್ ಮೆಲುದನಿಯವರು, ನನ್ನ ಮಟ್ಟಿಗೆ ಹೆಚ್ಚು ಆಳಕ್ಕೆ ಇಳಿಯುವವರು. ಮ್ಯಾಂಚೆಸ್ಟರಿನಲ್ಲೇ ಬದುಕಿದವರು, ಪಾದ್ರಿಯ ಹೆಂಡತಿ. 1848ರಲ್ಲಿ ಹೆಸರಿಲ್ಲದೆ ಪ್ರಕಟಿಸಿದ 'ಮೇರಿ ಬಾರ್ಟನ್'ನ ಆರನೇ ಅಧ್ಯಾಯವೊಂದನ್ನು ನಿಧಾನಕ್ಕೆ ಓದಿ.

ಕೆಲಸ ಕಳೆದುಕೊಂಡ ಡೇವನ್‌ಪೋರ್ಟ್ ನೆಲಮಾಳಿಗೆಯಲ್ಲಿ ಜ್ವರದಿಂದ ಮಲಗಿದ್ದಾನೆ. ಇಟ್ಟಿಗೆ ನೆಲದಿಂದ ಬೀದಿಯ ಕೊಳಚೆ ಜಿನುಗುತ್ತಿದೆ, ಮಕ್ಕಳು ಅದರ ಮೇಲೇ ಹೊರಳುತ್ತಿವೆ. ಮೇರಿಯ ತಂದೆ ಜಾನ್ ಬಾರ್ಟನ್ ಮನೆಗೆ ಹೋಗಿ ತನ್ನ ಒಳ್ಳೆ ಕೋಟನ್ನೂ ರೇಷ್ಮೆ ಕರವಸ್ತ್ರವನ್ನೂ ಗಿರವಿ ಇಟ್ಟು 5 ಶಿಲ್ಲಿಂಗ್ ತರುತ್ತಾನೆ. ಮಾಂಸ, ಬ್ರೆಡ್ಡು, ಮೇಣದಬತ್ತಿ, ಕಲ್ಲಿದ್ದಲು ಕೊಳ್ಳುತ್ತಾನೆ. ಮರುದಿನ ಅವನ ಗೆಳೆಯ ವಿಲ್ಸನ್, ರೋಗಿಯನ್ನು ಆಸ್ಪತ್ರೆಗೆ ಸೇರಿಸಲು ಬೇಕಾದ ಚೀಟಿಗಾಗಿ ಗಿರಣಿ ಮಾಲೀಕ ಕಾರ್ಸನ್ ಮನೆಗೆ ಹೋಗುತ್ತಾನೆ. ಅಲ್ಲಿ ಉಪಾಹಾರದ ಹೊತ್ತು. ಅಡುಗೆಮನೆಯ ವಾಸನೆ ಖಾಲಿ ಹೊಟ್ಟೆಯವನ ಮೂಗಿಗೆ ಬಡಿಯುತ್ತದೆ, ತಿನ್ನಲು ಕೊಡಬೇಕೆಂದು ಯಾರಿಗೂ ಹೊಳೆಯುವುದಿಲ್ಲ. ತನ್ನ ಗಿರಣಿಯಲ್ಲಿ ವರ್ಷಗಟ್ಟಲೆ ದುಡಿದವನ ಹೆಸರು ಕಾರ್ಸನ್‌ಗೆ ಗೊತ್ತಿಲ್ಲ. ಒಳರೋಗಿಯ ಚೀಟಿ ಇಲ್ಲ, ಹೊರರೋಗಿಯದು ಕೊಡುತ್ತಾರೆ. ಹೊರಡುವಾಗ ಮಗ ಹ್ಯಾರಿ ಜೇಬಿನಿಂದ ತೆಗೆದುಕೊಡುವುದು ಎಷ್ಟು? 5 ಶಿಲ್ಲಿಂಗ್.

ಅದೇ ಮೊತ್ತ. ಒಬ್ಬನಿಗೆ ಅದು ಮೈಮೇಲಿನ ಬಟ್ಟೆ, ಇನ್ನೊಬ್ಬನಿಗೆ ಜೇಬಿನ ಚಿಲ್ಲರೆ. ಗ್ಯಾಸ್ಕೆಲ್ ಇದನ್ನು ಬೆರಳಿಟ್ಟು ತೋರಿಸುವುದಿಲ್ಲ, ಓದುಗರೇ ಎಣಿಸಬೇಕು. ಬಡತನದ ಅಧ್ಯಾಯಗಳಲ್ಲಿ ನಾಣ್ಯ ಕಂಡ ಕಡೆಯೆಲ್ಲ ಅಂಚಿನಲ್ಲಿ ಗುರುತು ಹಾಕಿಕೊಳ್ಳಿ.

ಎರಡನೆಯದು 'ನಾರ್ತ್ ಅಂಡ್ ಸೌತ್'ನ ಬೆಸ್ಸಿ ಹಿಗಿನ್ಸ್. ಹತ್ತಿ ಹಿಂಜುವ ಕೋಣೆಯಲ್ಲಿ ಹಾರುವ ಎಳೆಗಳು ಎದೆ ಸೇರಿ ಸಾಯುತ್ತಿರುವ ಹುಡುಗಿ. ದೂಳನ್ನು ಹೊರಗೆಳೆಯುವ ಚಕ್ರವೊಂದಿದೆ, ಅದಕ್ಕೆ ಐದಾರು ನೂರು ಪೌಂಡ್ ಆಗುತ್ತದೆ, ಲಾಭ ತರುವುದಿಲ್ಲ, ಹಾಗಾಗಿ ಕೆಲವೇ ಮಾಲೀಕರು ಹಾಕಿಸುತ್ತಾರೆ ಅನ್ನುತ್ತಾಳೆ. ಜೊತೆಗೆ ಇನ್ನೊಂದು ಮಾತು: ಚಕ್ರ ಇರುವ ಕಡೆ ಕೆಲಸ ಮಾಡಲು ಕೆಲವು ಕೆಲಸಗಾರರಿಗೂ ಇಷ್ಟವಿಲ್ಲವಂತೆ, ನಾರು ನುಂಗಿ ಅಭ್ಯಾಸವಾದವರಿಗೆ ಅದಿಲ್ಲದಿದ್ದರೆ ಹಸಿವು ಹೆಚ್ಚಾಗುತ್ತದಂತೆ. ಆ ಒಂದು ವಾಕ್ಯದ ಮುಂದೆ ಕೂಲಿ ಎಷ್ಟು ಕಡಿಮೆ ಅಂತ ಬೇರೆ ಹೇಳಬೇಕೇ?

ಅನುವಾದಕಿ
ಕನ್ನಡಕ್ಕೆ ತರುವಾಗ ಎಲ್ಲಿ ಕೈಕೊಡುತ್ತದೆ ಅಂತ ಹೇಳುತ್ತೇನೆ, ತಂತ್ರ ಕಾಣುವುದು ಅಲ್ಲೇ.

ಮೊದಲು ಗಂಜಿ. ಓಲಿವರ್ ಕುಡಿಯುವುದು ಓಟ್ಸ್ ಹಿಟ್ಟು ಕದಡಿದ ನೀರು. ನಮ್ಮಲ್ಲಿ ಗಂಜಿ ಎಂದರೆ ದಕ್ಷಿಣ ಕನ್ನಡದವರಿಗೆ ನೆಮ್ಮದಿಯ ಊಟ, ಜ್ವರ ಬಂದವರಿಗೆ ಪಥ್ಯ. 'ಅಂಬಲಿ' ಅಂದರೆ ಇನ್ನೂ ತಪ್ಪು, ಅದರಲ್ಲಿ ರಾಗಿಯ ಕಸುವಿದೆ. 'ನೀರು ಗಂಜಿ' ಅಥವಾ 'ತಿಳಿ' ಸರಿಹೋಗುತ್ತದೆ. ವರ್ಕ್‌ಹೌಸನ್ನು 'ಅನಾಥಾಲಯ' ಅಂತ ಮಾಡಿದರೆ ಇಡೀ ವಾದ ಕುಸಿಯುತ್ತದೆ. ಅಲ್ಲಿ ಅಪ್ಪ ಅಮ್ಮ ಇರುವ ಮಕ್ಕಳೂ ಇದ್ದರು, ಮುದುಕರೂ ಇದ್ದರು, ಬೇರ್ಪಡಿಸುವುದೇ ನಿಯಮವಾಗಿತ್ತು. ವರ್ಕ್‌ಹೌಸ್ ಅಂತಲೇ ಬಿಟ್ಟು ಮೊದಲ ಸಲ ಬಂದಾಗ ಒಂದು ಸಾಲಿನಲ್ಲಿ ಬಿಡಿಸುವುದು ಮೇಲು.

ನಿಜವಾದ ಕಷ್ಟ ಆಡುಮಾತು. 'ಮೇರಿ ಬಾರ್ಟನ್'ನ ಕೂಲಿಗಳು ಹಸಿದು ಸಾಯುವುದಕ್ಕೆ 'ಕ್ಲೆಮ್' ಅನ್ನುತ್ತಾರೆ. ಲೇಖಕಿಯ ಗಂಡ ವಿಲಿಯಂ ಗ್ಯಾಸ್ಕೆಲ್ ಇಂಥ ಪದಗಳಿಗೆ ಅಡಿಟಿಪ್ಪಣಿ ಕೊಟ್ಟು ಚಾಸರ್‌ನಂಥ ಹಳೆಯ ಕವಿಗಳ ಪ್ರಯೋಗ ತೋರಿಸಿದರು. 1854ರ ಆವೃತ್ತಿಗೆ ಲ್ಯಾಂಕಶೈರ್ ನುಡಿಯ ಬಗ್ಗೆ ಅವರ ಎರಡು ಉಪನ್ಯಾಸಗಳನ್ನೇ ಸೇರಿಸಿದರು. ಇದು ಒರಟು ಮಾತಲ್ಲ, ನಿಮ್ಮ ಶಿಷ್ಟ ಭಾಷೆಗಿಂತ ಹಳೆಯದು ಅಂತ ಮೇಲ್ವರ್ಗದ ಓದುಗರಿಗೆ ತೋರಿಸುವುದು ಅದರ ಉದ್ದೇಶ. ಈಗ ಬಾರ್ಟನ್ ಬಾಯಲ್ಲಿ ಧಾರವಾಡದ ಕನ್ನಡ ಇಡೋಣವೇ? ನಮ್ಮ ಸಿನಿಮಾಗಳು ಆ ನುಡಿಯನ್ನು ಹಾಸ್ಯಪಾತ್ರಗಳಿಗೆ ಬಳಸಿ ಬಳಸಿ ಕೆಡಿಸಿವೆ, ಬೇರೆ ಕಡೆಯ ಓದುಗರಿಗೆ ನಗು ಬಂದೀತು. ಶಿಷ್ಟ ಕನ್ನಡ ಇಟ್ಟರೆ ಮಾಲೀಕನೂ ಕೂಲಿಯೂ ಒಂದೇ ದನಿಯಲ್ಲಿ ಮಾತಾಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಯಾವುದೋ ಒಂದು ಊರಿನ ಉಚ್ಚಾರಣೆ ಅನುಕರಿಸುವುದಕ್ಕಿಂತ 'ಹೊಟ್ಟೆಗಿಲ್ಲದೆ ಒಣಗಿಹೋಗು', 'ಕೂಳಿಗೆ ಬಾಯಿ ಬಿಡು' ಥರದ, ಎಲ್ಲ ಕಡೆ ದುಡಿಯುವವರ ಬಾಯಲ್ಲಿರುವ ನುಡಿಗಟ್ಟು ಹಿಡಿಯಬೇಕು.

ಕಡತ
ಅಂಕಿಅಂಶಕ್ಕೂ ಕಥೆಗೂ ನೇರ ಮುಖಾಮುಖಿ ಆಗುವುದು 'ಹಾರ್ಡ್ ಟೈಮ್ಸ್'ನಲ್ಲಿ. ಮೊದಲ ಭಾಗದ ಒಂಬತ್ತನೇ ಅಧ್ಯಾಯ. ಮೇಷ್ಟ್ರು ಸಿಸ್ಸಿ ಜೂಪ್‌ಗೆ ಕೇಳುತ್ತಾರೆ: ಹತ್ತು ಲಕ್ಷ ಜನರ ಊರಲ್ಲಿ ವರ್ಷಕ್ಕೆ 25 ಜನ ಮಾತ್ರ ಬೀದಿಯಲ್ಲಿ ಹಸಿದು ಸತ್ತರು, ಈ ಪ್ರಮಾಣದ ಬಗ್ಗೆ ಏನನ್ನುತ್ತೀ? ಉಳಿದವರು ಎಷ್ಟೇ ಲಕ್ಷ ಇರಲಿ, ಸತ್ತವರಿಗೆ ಕಷ್ಟ ಅಷ್ಟೇ ಅಲ್ಲವೇ ಅನ್ನುತ್ತಾಳೆ ಹುಡುಗಿ. ಅದು ತಪ್ಪು ಉತ್ತರ ಅಂತ ಅವಳೇ ಅಳುತ್ತಾ ಹೇಳಿಕೊಳ್ಳುತ್ತಾಳೆ. ಮಸಿಕುಡಿಕೆ ಅವರ ಪ್ರಶ್ನೆಗೆ ನನ್ನ ಉತ್ತರ ಈ ದೃಶ್ಯ. ವರದಿಯಲ್ಲಿ 25 ಎಂಬುದು ಚಿಕ್ಕ ಸಂಖ್ಯೆ. ಕಥೆ ಅದನ್ನು ಸಿಸ್ಸಿಯ ಕಿವಿಯಿಂದ ಕೇಳಿಸುತ್ತದೆ, ಆಗ ಅದು ಚಿಕ್ಕದಾಗಿ ಉಳಿಯುವುದಿಲ್ಲ.

ಹನ್ನೊಂದನೇ ಅಧ್ಯಾಯದಲ್ಲಿ ಕುಡುಕ ಹೆಂಡತಿಯಿಂದ ಬಿಡುಗಡೆ ಬಯಸುವ ನೇಕಾರ ಸ್ಟೀಫನ್ ಬ್ಲ್ಯಾಕ್‌ಪೂಲ್‌ಗೆ ಮಾಲೀಕ ಬೌಂಡರ್‌ಬಿ ವಿಚ್ಛೇದನದ ಖರ್ಚು ಹೇಳುತ್ತಾನೆ: ಸಾವಿರದಿಂದ ಒಂದೂವರೆ ಸಾವಿರ ಪೌಂಡ್, ಪ್ರಾಯಶಃ ಅದರ ಎರಡರಷ್ಟು. ಕಾನೂನು ಇದೆ, ಕೂಲಿಯವನಿಗೆ ಇಲ್ಲ. ಸಿವಿಲ್ ನ್ಯಾಯಾಲಯದಲ್ಲಿ ವಿಚ್ಛೇದನ ಸಾಧ್ಯವಾದದ್ದು 1857ರ ಕಾಯಿದೆಯ ನಂತರ.

ಹತ್ತಿಎಳೆ
ಅದೇ ಕಾದಂಬರಿಯ ಸೋಲನ್ನೂ ಹೇಳಬೇಕು. 1853–54ರಲ್ಲಿ ಪ್ರೆಸ್ಟನ್ ಪಟ್ಟಣದ ಗಿರಣಿಗಳಲ್ಲಿ ತಿಂಗಳುಗಟ್ಟಲೆ ಮುಷ್ಕರ, ಬೀಗಮುದ್ರೆ ನಡೆದಿತ್ತು. ಡಿಕನ್ಸ್ ಅಲ್ಲಿಗೆ ಹೋಗಿ ನೋಡಿ ಬಂದು, ಕೆಲಸಗಾರರ ಶಿಸ್ತನ್ನು ಮೆಚ್ಚಿ ತಮ್ಮ ಪತ್ರಿಕೆಯಲ್ಲಿ ಲೇಖನ ಬರೆದರು. ಕಾದಂಬರಿಗೆ ಬರುವಾಗ ಸಂಘದ ನಾಯಕ ಸ್ಲ್ಯಾಕ್‌ಬ್ರಿಜ್ ಬರೀ ಬಾಯಿಬಡುಕ, ಕೆಲಸಗಾರರು ಅವನ ಹಿಂದೆ ಹೋಗುವ ಗುಂಪು. ಕಣ್ಣಾರೆ ಕಂಡದ್ದನ್ನು ಕಥೆ ಕೈಬಿಟ್ಟಿತು. ಒಬ್ಬೊಬ್ಬ ಬಡವನ ಮೇಲೆ ಇಷ್ಟೊಂದು ನಂಬಿಕೆ ಇಟ್ಟ ಲೇಖಕರಿಗೆ ಬಡವರು ಒಟ್ಟಾಗಿ ನಿಂತರೆ ದಿಗಿಲು. 'ನಾರ್ತ್ ಅಂಡ್ ಸೌತ್'ನಲ್ಲಿ ಬೆಸ್ಸಿಯ ಅಪ್ಪ ನಿಕೋಲಸ್ ಹಿಗಿನ್ಸ್ ಈ ವಿಷಯದಲ್ಲಿ ಎಷ್ಟೋ ಮೇಲು. ಸಂಘದವನು, ಓದಿ ವಾದಿಸುವವನು, ತಪ್ಪನ್ನೂ ಮಾಡುವವನು.

ಹೊಸಓದುಗ
ಹಾಗಾದರೆ ಈ ಕಾದಂಬರಿಗಳಿಂದ ಕಾನೂನು ಬದಲಾಯಿತು ಅನ್ನಬಹುದೇ, ಇಲ್ಲವೇ?

ಕಂತುಓದುಗ
ನೇರ ಗೆರೆ ಎಳೆಯಬೇಡಿ. ಚಿಮಣಿ ಗುಡಿಸುವ ಹುಡುಗರ ಉದಾಹರಣೆ ನೋಡಿ. ಕಿಂಗ್ಸ್‌ಲಿಯ 'ದ ವಾಟರ್ ಬೇಬೀಸ್' ಪುಸ್ತಕವಾದದ್ದು 1863, ಹುಡುಗರನ್ನು ಚಿಮಣಿಯೊಳಗೆ ಹತ್ತಿಸುವುದರ ವಿರುದ್ಧದ ಕಾಯಿದೆ ಬಂದದ್ದು 1864. ಪುಸ್ತಕದಿಂದಲೇ ಕಾಯಿದೆ ಬಂತು ಅಂತ ಬರೆದುಬಿಡುವುದು ಸುಲಭ. ಆದರೆ ಅದೇ ಹೊತ್ತಿಗೆ ಮಕ್ಕಳ ದುಡಿಮೆಯ ಬಗ್ಗೆ ಹೊಸ ಆಯೋಗವೂ ಕೆಲಸ ಮಾಡುತ್ತಿತ್ತು. 1864ರ ಕಾಯಿದೆ ಜಾರಿಗೆ ಬಾರದೆ ಸೋತಿತು. ಚಿಮಣಿ ಗುಡಿಸುವವರಿಗೆ ಲೈಸೆನ್ಸು, ಪೊಲೀಸರ ಕೈಗೆ ಜಾರಿ ಎಂದಾದದ್ದು 1875ರಲ್ಲಿ, ಆಮೇಲೆಯೇ ಹುಡುಗರನ್ನು ಹತ್ತಿಸುವುದು ನಿಂತದ್ದು.

ಪ್ರಭಾವ ಹರಿದದ್ದು ಎರಡೂ ದಿಕ್ಕಿಗೆ. ಸರ್ಕಾರಿ ವರದಿಗಳಿಂದ ಕಾದಂಬರಿಗೆ ಸಾಮಗ್ರಿ ಬಂತು. ಡಿಸ್ರೇಲಿಯ 'ಸಿಬಿಲ್' (1845) ಮಕ್ಕಳ ದುಡಿಮೆಯ ವರದಿಯಿಂದ ವಿವರಗಳನ್ನೇ ಎತ್ತಿಕೊಂಡಿದೆ. ಕೂಲಿಗೆ ಬದಲು ಮಾಲೀಕನ ಅಂಗಡಿಯ ಸರಕು ಕೊಡುವ ಪದ್ಧತಿಯ ದೃಶ್ಯ ಅದರಲ್ಲಿದೆ, ತಪ್ಪದೆ ಓದಿ. ಆ ಲೇಖಕ ಮುಂದೆ ಪ್ರಧಾನಿಯಾದರು, 1875ರ ಚಿಮಣಿ ಕಾಯಿದೆ ಬಂದದ್ದು ಅವರ ಸರ್ಕಾರದ ಅವಧಿಯಲ್ಲೇ.

ಅನುವಾದಕಿ
ಮುಕ್ತಾಯಗಳ ಬಗ್ಗೆ ಯಾರೂ ಹೇಳಲಿಲ್ಲ. ನನಗೆ ಇವುಗಳಲ್ಲಿ ಒಪ್ಪಿಗೆಯಾಗದ್ದು ಅದೇ. ಓಲಿವರ್ ಕೊನೆಗೆ ಒಳ್ಳೆ ಮನೆತನದ ಕುಡಿ ಅಂತ ಗೊತ್ತಾಗುತ್ತದೆ. ಹಾಗಾದರೆ ಚೀಟಿ ಎತ್ತಿದ ಉಳಿದ ಹುಡುಗರು? ಮೇರಿ ಬಾರ್ಟನ್ ಮದುವೆಯಾಗಿ ಕೆನಡಾಕ್ಕೆ. 'ನಾರ್ತ್ ಅಂಡ್ ಸೌತ್'ನ ಮಾಲೀಕ ಥಾರ್ನ್‌ಟನ್‌ನ ಗಿರಣಿ ಉಳಿಯುವುದು ನಾಯಕಿ ಮಾರ್ಗರೆಟ್‌ಗೆ ಬಂದ ಆಸ್ತಿಯಿಂದ. ಜೋ, ಸ್ಟೀಫನ್ ಸಾಯುತ್ತಾರೆ. ಪಿತ್ರಾರ್ಜಿತ, ವಲಸೆ, ಸಾವು. ರೋಗವನ್ನು ವ್ಯವಸ್ಥೆಯಲ್ಲಿ ಗುರುತಿಸಿ, ಮದ್ದನ್ನು ಒಳ್ಳೆಯವರ ಮನಸ್ಸಿನಲ್ಲಿ ಹುಡುಕುತ್ತಾರೆ.

ಹತ್ತಿಎಳೆ
ಒಪ್ಪುತ್ತೇನೆ, ಒಂದು ತಿದ್ದುಪಡಿಯೊಂದಿಗೆ. ವಾರದ ಕಂತಿನ ಇಕ್ಕಟ್ಟಿನಲ್ಲಿ 'ನಾರ್ತ್ ಅಂಡ್ ಸೌತ್'ನ ಕೊನೆ ಮುದುಡಿಹೋಗಿತ್ತು. ಗ್ಯಾಸ್ಕೆಲ್ 1855ರಲ್ಲಿ ಪುಸ್ತಕ ಮಾಡುವಾಗ ಕೊನೆಯ ಭಾಗವನ್ನು ಹಿಗ್ಗಿಸಿದರು. ಥಾರ್ನ್‌ಟನ್ ಕೆಲಸಗಾರರೊಂದಿಗೆ ಊಟದ ಮನೆ ನಡೆಸುವುದು ಸಣ್ಣ ಸಂಗತಿ, ಆದರೂ ದಾನವಲ್ಲ, ಖರ್ಚು ಕೆಲಸಗಾರರದ್ದೇ.

ಇನ್ನೊಂದು ಕುರುಡು ಮೂಲೆಯೂ ಇದೆ. ಈ ಗಿರಣಿಗಳ ಹತ್ತಿ ಬಹುಪಾಲು ಅಮೆರಿಕದ ಗುಲಾಮರು ಬಿಡಿಸಿದ್ದು. ಮ್ಯಾಂಚೆಸ್ಟರ್ ಕಾದಂಬರಿಗಳು ಎಳೆ ಹಿಂಜುವ ಕೋಣೆಯಿಂದ ಹಿಂದಕ್ಕೆ ಹೋಗುವುದೇ ಅಪರೂಪ. ಅಮೆರಿಕದ ಅಂತರ್ಯುದ್ಧದಲ್ಲಿ ಆ ಹತ್ತಿ ನಿಂತಾಗ ಲ್ಯಾಂಕಶೈರ್ ಹಸಿಯಿತು, ನಮ್ಮ ಧಾರವಾಡ ಸೀಮೆಯ ಹತ್ತಿಗೆ ಬೇಡಿಕೆ ಏರಿತು. ಅಲ್ಲಿ 1840ರ ದಶಕದಲ್ಲೇ ಅಮೆರಿಕದ ತಳಿ ತಂದು ಬಿತ್ತಿದ್ದರು.

ಮಸಿಕುಡಿಕೆ
ಹೊಸದಾಗಿ ಓದುವವರಿಗೆ ಒಂದು ದಾರಿ. ಇಡೀ ಕಾದಂಬರಿಗೆ ಮೊದಲು ಈ ತುಣುಕುಗಳು: 'ಓಲಿವರ್ ಟ್ವಿಸ್ಟ್' 2 ಮತ್ತು 3, 'ಮೇರಿ ಬಾರ್ಟನ್' 6, 'ಹಾರ್ಡ್ ಟೈಮ್ಸ್' ಮೊದಲ ಭಾಗದ 2, 9, 11, 'ನಾರ್ತ್ ಅಂಡ್ ಸೌತ್' 13, 'ಬ್ಲೀಕ್ ಹೌಸ್' 16, 46, 47. ಪ್ರತಿಯೊಂದನ್ನೂ ಎರಡು ಸಲ ಓದಿ. ಮೊದಲ ಸಲ ಕಥೆಗೆ. ಎರಡನೇ ಸಲ ಮೂರು ಗುರುತು ಹಾಕಿ: ದುಡ್ಡಿನ ಮೊತ್ತ, ನಿರೂಪಕ ಯಾರ ದನಿಯಲ್ಲಿ ಮಾತಾಡುತ್ತಿದ್ದಾನೆ, ಬಡವರು ತಾವೇ ಮಾತಾಡಿದ ಸಾಲು. ಸಂಕ್ಷಿಪ್ತ ಆವೃತ್ತಿ ಬೇಡವೇ ಬೇಡ. ಅವರು ಮೊದಲು ಕತ್ತರಿಸುವುದು ನಿರೂಪಕನ ಮಾತನ್ನೇ, ಎರಡನೇ ಗುರುತಿಗೆ ಏನೂ ಉಳಿಯುವುದಿಲ್ಲ.

ಹೊಸಓದುಗ
ಅನುವಾದಕಿ ಅವರು ಹೇಳಿದ ಹಾಗೆ ಆಸ್ತಿ, ವಲಸೆಯಿಂದ ಪಾರಾಗದ, ಆದರೆ ಸುಮ್ಮನೆ ಬಲಿಯೂ ಆಗದ ಬಡವರು ಯಾರಾದರೂ ಇದ್ದಾರೆಯೇ?

ಕಡತ
ಬೆಟ್ಟಿ ಹಿಗ್ಡನ್. 1864–65ರ 'ಅವರ್ ಮ್ಯೂಚುವಲ್ ಫ್ರೆಂಡ್'. ಓಲಿವರ್ ಗಂಜಿ ಕೇಳಿ ಇಪ್ಪತ್ತೇಳು ವರ್ಷವಾದ ಮೇಲೂ ಡಿಕನ್ಸ್ ಆ ಬಡವರ ಕಾನೂನನ್ನು ಟೀಕಿಸುವುದನ್ನು ಬಿಟ್ಟಿರಲಿಲ್ಲ, ಕಾದಂಬರಿಯ ಹಿನ್ನುಡಿಯಲ್ಲೂ ಅದನ್ನು ಹೆಸರಿಟ್ಟು ಖಂಡಿಸಿದ್ದಾರೆ. ಬೆಟ್ಟಿ ಎಂಬತ್ತರ ಹತ್ತಿರದ ಮುದುಕಿ. ಉಳ್ಳವರು ನೆರವಿಗೆ ಸಿದ್ಧರಿದ್ದರೂ ವಿನಯದಿಂದಲೇ ಬೇಡವೆಂದು, ಹೆಣಿಗೆ ಹೊಲಿಗೆಯ ಸಾಮಾನಿನ ಬುಟ್ಟಿ ಹೊತ್ತು ಥೇಮ್ಸ್ ದಂಡೆಯ ಊರುಗಳಲ್ಲಿ ಮಾರುತ್ತಾ ನಡೆಯುತ್ತಾಳೆ. ಸುಸ್ತಾಗಿ ಕುಸಿದಾಗಲೆಲ್ಲ ಅವಳಿಗೆ ಭಯ ಸಾವಿನದ್ದಲ್ಲ, ಯಾರಾದರೂ ಎತ್ತಿ ವರ್ಕ್‌ಹೌಸಿಗೆ ಸೇರಿಸಿಯಾರು ಎಂಬುದು. ಬಯಲಲ್ಲಿ ಮರದಡಿ ಸಾಯುತ್ತಾಳೆ, ಲಿಜ್ಜಿ ಎಂಬ ಗಿರಣಿ ಹುಡುಗಿಯ ತೋಳಿನಲ್ಲಿ. ಮಣ್ಣಿನ ಖರ್ಚಿಗೆ ಬೇಕಾದ ಹಣವನ್ನು ಅಂಗಿಯ ಎದೆಯ ಭಾಗಕ್ಕೆ ಒಳಗಿನಿಂದ ಹೊಲಿದುಕೊಂಡಿದ್ದಳು.